ಶೀತಲ ಪ್ಲಾಸ್ಮಾ: ಕ್ಯಾನ್ಸರ್ ರೋಗಿಗೆ ನಾವು ಹೇಳಬೇಕಾದ ಸತ್ಯ

(ಊರಿನ ಮಾಸಿಕ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕ್ಯಾನ್ಸರ್‌ನ ಕುರಿತು ಮಾತನಾಡಬೇಕೆಂದು ಸಭೆಯ ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದರು. ವಿಷಯ ಬಹಳ ದೊಡ್ಡದು. ಒಂದು ಸಂಜೆಯಲ್ಲಿ ಮುಗಿಯುವಂಥದ್ದಲ್ಲ. ಆದ್ದರಿಂದ ಅದರ ಒಂದು ತುಣುಕನ್ನು ಮಾತ್ರ ನಾವು ಆರಿಸಿಕೊಂಡಿದ್ದೇವೆ. "ಕೋಲ್ಡ್ ಪ್ಲಾಸ್ಮಾ ಎಂಬ ಹೊಸ ಚಿಕಿತ್ಸೆ ಬಂದಿದೆಯಂತೆ, ಆಪರೇಷನ್ ಬೇಡವಂತೆ, ಕೂದಲು ಉದುರುವುದಿಲ್ಲವಂತೆ, ಹೌದೇ?" ಎಂದು ಇತ್ತೀಚೆಗೆ ಹಲವರು ನಮ್ಮಲ್ಲಿ ಕೇಳಿದ್ದಾರೆ. ಹೌದು ಎಂದರೂ ತಪ್ಪು, ಸುಳ್ಳು ಎಂದರೂ ತಪ್ಪು. ಇದಕ್ಕೆ ಸ್ವಲ್ಪ ದೀರ್ಘವಾದ ಉತ್ತರವೇ ಬೇಕು. ಆ ಉತ್ತರವನ್ನು ಕೊಡಲು ನಾವು ಹೊರಟಿರುವುದಕ್ಕೆ ಒಂದು ಕಾರಣವಿದೆ. ಅದು ನಮಗೇ ನಾಚಿಕೆ ತರುವಂಥದ್ದು. ಅದನ್ನು ಆಮೇಲೆ ಹೇಳುತ್ತೇವೆ.

ಮೊದಲು ಶಬ್ದದ ಗೊಂದಲವನ್ನು ನಿವಾರಿಸಿಕೊಳ್ಳೋಣ. ಪ್ಲಾಸ್ಮಾ ಎಂದೊಡನೆ ನಮ್ಮ ಸಮುದಾಯಕ್ಕೆ 2020ರ ದಿನಗಳು ನೆನಪಾಗುತ್ತವೆ. ಕೊರೋನ ಹರಡಿದವರೆಂದು ತಬ್ಲೀಗಿ ಜಮಾಅತ್‌ನವರನ್ನು ದೇಶದ ಟಿವಿ ಚಾನೆಲ್‌ಗಳು ಹಗಲಿರುಳು ದೂಷಿಸುತ್ತಿದ್ದಾಗ, ಗುಣಮುಖರಾದ ಅದೇ ಜಮಾಅತ್‌ನ ಸದಸ್ಯರು ಇತರ ರೋಗಿಗಳಿಗಾಗಿ ತಮ್ಮ ರಕ್ತದ ಪ್ಲಾಸ್ಮಾ ದಾನ ಮಾಡಲು ಸಾಲಾಗಿ ಮುಂದೆ ಬಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ಆದರೆ ಆ ಕಥೆಗೆ ಇನ್ನೊಂದು ಭಾಗವಿದೆ. ಅದನ್ನು ನಾವು ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ನಡೆಸಿ ನೋಡಿತು. ಪ್ಲಾಸ್ಮಾ ಪಡೆದವರಿಗೂ ಪಡೆಯದವರಿಗೂ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. 2021ರ ಮೇ ತಿಂಗಳಲ್ಲಿ ಆ ಚಿಕಿತ್ಸೆಯನ್ನು ಮಾರ್ಗಸೂಚಿಯಿಂದ ಕೈಬಿಡಲಾಯಿತು. ದಾನಿಗಳ ಪ್ರತಿಫಲ ಅಲ್ಲಾಹನ ಬಳಿ ಇದೆ, ಅದರಲ್ಲಿ ಸಂಶಯವಿಲ್ಲ. ಆದರೆ ಒಳ್ಳೆಯ ಉದ್ದೇಶ ಬೇರೆ, ಫಲ ನೀಡುವ ಔಷಧ ಬೇರೆ.

ಇಂದು ನಾವು ಹೇಳಹೊರಟಿರುವ ಪ್ಲಾಸ್ಮಾಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳನ್ನು ಶಾಲೆಯಲ್ಲಿ ಓದಿದ್ದೇವೆ. ಅನಿಲಕ್ಕೆ ಸಾಕಷ್ಟು ಶಕ್ತಿ ಕೊಟ್ಟರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು ನಾಲ್ಕನೆಯ ಸ್ಥಿತಿಯೊಂದು ಉಂಟಾಗುತ್ತದೆ. ಇದಕ್ಕೆ 1928ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್. ಸೂರ್ಯ ಪ್ಲಾಸ್ಮಾ. ಮಿಂಚು ಪ್ಲಾಸ್ಮಾ. ನಮ್ಮ ಮನೆಗಳಲ್ಲಿ ಮೊನ್ನೆಮೊನ್ನೆಯವರೆಗೆ ಉರಿಯುತ್ತಿದ್ದ ಟ್ಯೂಬ್‌ಲೈಟಿನ ಒಳಗಿದ್ದದ್ದೂ ಪ್ಲಾಸ್ಮಾವೇ.

ಸೂರ್ಯನನ್ನು ಮುಟ್ಟಲಾಗದು, ಆದರೆ ಉರಿಯುವ ಟ್ಯೂಬ್‌ಲೈಟನ್ನು ಮುಟ್ಟಬಹುದು. ಇದೇಕೆ? ಶಾದಿಮಹಲ್‌ನ ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಹಿರಿಯರೆಲ್ಲ ಕುರ್ಚಿಗಳಲ್ಲಿ ಕುಳಿತಿದ್ದಾರೆ, ಮಕ್ಕಳು ಮಾತ್ರ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಾರೆ. ಸಭಾಂಗಣ ಒಟ್ಟಾರೆ ಶಾಂತವಾಗಿಯೇ ಇದೆ. ಶೀತಲ ಪ್ಲಾಸ್ಮಾದಲ್ಲಿ ಹಗುರವಾದ ಎಲೆಕ್ಟ್ರಾನುಗಳು ಮಾತ್ರ ಆ ಮಕ್ಕಳಂತೆ ವಿಪರೀತ ವೇಗದಲ್ಲಿರುತ್ತವೆ. ಭಾರವಾದ ಪರಮಾಣುಗಳು ಹಿರಿಯರಂತೆ ತಣ್ಣಗೆ ಕುಳಿತಿರುತ್ತವೆ. ಹೀಗಾಗಿ ಹೀಲಿಯಂ ಅಥವಾ ಆರ್ಗಾನ್ ಅನಿಲವನ್ನು ಸಣ್ಣ ನಳಿಕೆಯಲ್ಲಿ ಹರಿಸಿ ಅದಕ್ಕೆ ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ಕೊಟ್ಟರೆ, ಪೆನ್ನಿನ ಗಾತ್ರದ ಸಾಧನದ ತುದಿಯಿಂದ ನೀಲಿ-ನೇರಳೆ ಬಣ್ಣದ ಸಣ್ಣ ಜ್ವಾಲೆಯೊಂದು ಹೊರಡುತ್ತದೆ. ಬೆರಳಿಟ್ಟರೆ ಸುಡುವುದಿಲ್ಲ, ಅದರ ಉಷ್ಣತೆ ನಮ್ಮ ಮೈಯ ಬಿಸಿಯ ಆಸುಪಾಸಿನಲ್ಲಿರುತ್ತದೆ.

ಈ ಬಗೆಯ ವಿದ್ಯುತ್ ವಿಸರ್ಜನೆ ನಿನ್ನೆಯ ಸಂಶೋಧನೆಯಲ್ಲ. ಜರ್ಮನಿಯ ವರ್ನರ್ ಫಾನ್ ಸೀಮನ್ಸ್ 1857ರಲ್ಲಿಯೇ ಇದರಿಂದ ಓಝೋನ್ ತಯಾರಿಸಿದ್ದರು. ಅದು ವೈದ್ಯಕೀಯದ ಕಡೆಗೆ ತಿರುಗಿದ್ದು ಮಾತ್ರ ಈಚೆಗೆ. ಹೀಗೆ ತಿರುಗಿಸಿದವರಲ್ಲಿ ಪ್ರಮುಖರು ಟುನೀಸಿಯಾದ ಸ್ಫಾಕ್ಸ್ ಪಟ್ಟಣದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮುನೀರ್ ಲರೂಸಿ. ಸಾಮಾನ್ಯ ವಾಯುಭಾರದಲ್ಲಿಯೇ ಉಂಟುಮಾಡಿದ ಶೀತಲ ಪ್ಲಾಸ್ಮಾದಿಂದ ರೋಗಾಣುಗಳನ್ನು ನಾಶಪಡಿಸಬಹುದೆಂದು ಅವರು 1996ರಲ್ಲಿ ಪ್ರಕಟಿಸಿದ ಲೇಖನವು ಈ ಶಾಖೆಯ ಮೊದಲ ಹೆಜ್ಜೆಗಳಲ್ಲೊಂದು ಎನಿಸಿದೆ. ನಮ್ಮ ಸಭೆಗಳಲ್ಲಿ ಇಬ್ನು ಸೀನಾರ ಹೆಸರು ಹೇಳಿ ಹೆಮ್ಮೆಪಡುವ ನಮಗೆ ನಮ್ಮದೇ ಕಾಲದ ಈ ವಿಜ್ಞಾನಿಯ ಹೆಸರು ಗೊತ್ತಿಲ್ಲದಿರುವುದು ಸೋಜಿಗವೇ ಸರಿ.

ರೋಗಾಣುಗಳಿಂದ ಗಾಯಗಳಿಗೆ, ಗಾಯಗಳಿಂದ ಕ್ಯಾನ್ಸರಿಗೆ ಈ ಸಂಶೋಧನೆ ಸಾಗಿತು. ಕ್ಯಾನ್ಸರ್ ಜೀವಕೋಶದ ಮೇಲೆ ಇದು ಹೇಗೆ ಕೆಲಸ ಮಾಡುತ್ತದೆ? ಈ ಜ್ವಾಲೆ ಗಾಳಿಯ ಆಮ್ಲಜನಕ, ಸಾರಜನಕ ಮತ್ತು ತೇವಾಂಶದೊಡನೆ ಬೆರೆತಾಗ ನೈಟ್ರಿಕ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಅತ್ಯಂತ ಚುರುಕಾದ ರಾಸಾಯನಿಕಗಳು ಹುಟ್ಟುತ್ತವೆ. ಇವು ನಮ್ಮ ಶರೀರಕ್ಕೆ ಹೊಸತಲ್ಲ, ಪ್ರತಿಯೊಂದು ಜೀವಕೋಶವೂ ಅಲ್ಪ ಪ್ರಮಾಣದಲ್ಲಿ ಇವುಗಳನ್ನು ಉತ್ಪಾದಿಸುತ್ತಿರುತ್ತದೆ ಮತ್ತು ಅವುಗಳನ್ನು ತಟಸ್ಥಗೊಳಿಸುತ್ತಲೂ ಇರುತ್ತದೆ. ಮಿತಿಮೀರಿ ಬೆಳೆಯುವ ಕ್ಯಾನ್ಸರ್ ಜೀವಕೋಶದ ಮೇಲೆ ಈ ಹೊರೆ ಮೊದಲೇ ಹೆಚ್ಚಾಗಿರುತ್ತದೆ. ತುಂಬಿದ ಲಾರಿಗೆ ಇನ್ನೊಂದಿಷ್ಟು ಮೂಟೆ ಹೇರಿದರೆ ಅಚ್ಚು ಮುರಿಯುತ್ತದೆ, ಅರ್ಧ ಖಾಲಿಯಿದ್ದ ಲಾರಿ ತಡೆದುಕೊಳ್ಳುತ್ತದೆ. ಹೀಗೆ ಹೊರೆ ತಾಳಲಾರದೆ ಕ್ಯಾನ್ಸರ್ ಜೀವಕೋಶ ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುವ ದಾರಿಗೆ ಬೀಳುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಸಾಯುವ ಈ ಜೀವಕೋಶಗಳು ಶರೀರದ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುತ್ತವೆಯೇ ಎಂಬ ಬಗ್ಗೆಯೂ ಅಧ್ಯಯನ ನಡೆಯುತ್ತಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. "ಕ್ಯಾನ್ಸರನ್ನು ಮಾತ್ರ ಕೊಲ್ಲುತ್ತದೆ, ಒಳ್ಳೆಯ ಭಾಗವನ್ನು ಮುಟ್ಟುವುದಿಲ್ಲ" ಎಂಬ ಪ್ರಚಾರ ಅರ್ಧಸತ್ಯ. ಪ್ರಮಾಣ ಮೀರಿದರೆ ಅರ್ಧ ಖಾಲಿ ಲಾರಿಯೂ ಮುರಿಯುತ್ತದೆ. ಅಲ್ಲದೆ, ಈ ಫಲಿತಾಂಶಗಳಲ್ಲಿ ಬಹುಪಾಲು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮತ್ತು ಇಲಿಗಳ ಮೇಲೆ ದೊರೆತಂಥವು. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರನ್ನು ಕೊಲ್ಲುವ ವಸ್ತುಗಳು ಸಾವಿರಾರು ಇವೆ. ಮನುಷ್ಯನ ಶರೀರದಲ್ಲಿ ಹಾಗೆ ಮಾಡಬಲ್ಲವು ಬೆರಳೆಣಿಕೆಯಷ್ಟು ಮಾತ್ರ.

ಹಾಗಾದರೆ ಮನುಷ್ಯರ ಮೇಲೆ ಏನಾಗಿದೆ? ಎರಡು ಕಡೆಯ ವಿವರಗಳನ್ನು ಹೇಳುತ್ತೇವೆ.

ಮೊದಲನೆಯದು ಜರ್ಮನಿಯ ಗ್ರೈಫ್ಸ್‌ವಾಲ್ಡ್ ನಗರ. ಅಲ್ಲಿನ ಪ್ಲಾಸ್ಮಾ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಆರ್ಗಾನ್ ಪೆನ್ನಿಗೆ 2013ರಲ್ಲಿ ಯುರೋಪಿನಲ್ಲಿ ವೈದ್ಯಕೀಯ ಸಾಧನವೆಂಬ ಮಾನ್ಯತೆ ದೊರೆಯಿತು. ಮಾನ್ಯತೆ ದೊರೆತದ್ದು ಕ್ಯಾನ್ಸರಿಗಲ್ಲ, ಮಾಯದ ಹುಣ್ಣುಗಳಿಗೆ, ಸಕ್ಕರೆ ಕಾಯಿಲೆಯವರ ಕಾಲಿನಲ್ಲಾಗುವಂತಹ ಗಾಯಗಳಿಗೆ. ಅಲ್ಲಿನ ಶಸ್ತ್ರವೈದ್ಯ ಹಾನ್ಸ್-ರಾಬರ್ಟ್ ಮೆಟೆಲ್ಮನ್ ಮತ್ತು ಸಂಗಡಿಗರು ಇದನ್ನು ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಕೊನೆಯ ಹಂತಕ್ಕೆ ತಲುಪಿದ್ದ ಕೆಲವೇ ರೋಗಿಗಳ ಮೇಲೆ ಬಳಸಿ ನೋಡಿದರು. ಅಂಥ ರೋಗಿಗಳನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ಗಡ್ಡೆ ಒಡೆದು ಹುಣ್ಣಾಗಿ, ಅದರಲ್ಲಿ ಸೋಂಕು ಸೇರಿ, ಬರುವ ದುರ್ವಾಸನೆಗೆ ಮನೆಯವರೇ ಕೋಣೆಯ ಬಾಗಿಲಲ್ಲಿ ನಿಂತು ಮಾತನಾಡುತ್ತಾರೆ. ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ನೋವಿಗಿಂತಲೂ ಈ ಒಂಟಿತನ ರೋಗಿಯನ್ನು ಹೆಚ್ಚು ಕುಗ್ಗಿಸುತ್ತದೆ. ಪ್ಲಾಸ್ಮಾ ಚಿಕಿತ್ಸೆಯಿಂದ ಅವರಲ್ಲಿ ಸೋಂಕು ಮತ್ತು ವಾಸನೆ ತಗ್ಗಿತು, ಕೆಲವರಿಗೆ ನೋವಿನ ಮಾತ್ರೆಗಳ ಅಗತ್ಯ ಕಡಿಮೆಯಾಯಿತು. ಕೆಲವರಲ್ಲಿ ಗಡ್ಡೆಯ ಮೇಲ್ಭಾಗ ಸ್ವಲ್ಪ ಕಾಲ ಕುಗ್ಗಿದ್ದೂ ಕಂಡುಬಂತು. ಆದರೆ ರೋಗ ವಾಸಿಯಾಗಲಿಲ್ಲ. ವಾಸಿಯಾಯಿತೆಂದು ಆ ವೈದ್ಯರು ಹೇಳಿಕೊಳ್ಳಲೂ ಇಲ್ಲ.

ಇದು ಸಣ್ಣ ಸಂಗತಿ ಎಂದು ಯಾರಿಗಾದರೂ ಅನಿಸಬಹುದು. ನಮಗೆ ಹಾಗನಿಸುವುದಿಲ್ಲ. ಬದುಕಿನ ಕೊನೆಯ ತಿಂಗಳುಗಳಲ್ಲಿ ತಂದೆಯೊಬ್ಬನ ಪಕ್ಕದಲ್ಲಿ ಮಗಳು ಬಂದು ಕುಳಿತುಕೊಳ್ಳುವಂತಾದರೆ ಅದು ಸಣ್ಣದಲ್ಲ.

ಎರಡನೆಯದು ಅಮೆರಿಕದ ಪ್ರಯೋಗ. ಜೆರೋಮ್ ಕ್ಯಾನಡಿ ಎಂಬ ಶಸ್ತ್ರವೈದ್ಯರು ಹೀಲಿಯಂ ಬಳಸುವ ಸಾಧನವೊಂದನ್ನು ರೂಪಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೊಂದಿಗೆ ಇದರ ಮೊದಲ ಹಂತದ ಪರೀಕ್ಷೆ ನಡೆದು, ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಲ್ಗೊಂಡ ರೋಗಿಗಳು ಎಷ್ಟು ಮಂದಿ? 20. ಎಲ್ಲರೂ ನಾಲ್ಕನೆಯ ಹಂತ ತಲುಪಿದವರು ಅಥವಾ ರೋಗ ಮರುಕಳಿಸಿದವರು. ಇನ್ನೂ ಮುಖ್ಯವಾದ ಮಾತು ಮುಂದಿದೆ. ಆ ಪರೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಪ್ಲಾಸ್ಮಾ ಕೊಡಲಿಲ್ಲ. ಮೊದಲು ಗಡ್ಡೆಯನ್ನು ಕತ್ತರಿಸಿ ತೆಗೆದರು. ಬಳಿಕ, ಕಣ್ಣಿಗೆ ಕಾಣದ ಕ್ಯಾನ್ಸರ್ ಜೀವಕೋಶಗಳು ಕತ್ತರಿಸಿದ ಜಾಗದ ಅಂಚಿನಲ್ಲಿ ಉಳಿದಿರಬಹುದೆಂಬ ಕಾರಣಕ್ಕೆ, ಆ ಅಂಚಿನ ಮೇಲೆ ಕೆಲವು ನಿಮಿಷ ಪ್ಲಾಸ್ಮಾವನ್ನು ಹಾಯಿಸಿದರು. ಹೊಲಿಗೆ ಹಾಕುವ ಮುನ್ನ ಮಾಡುವ ಕೆಲಸ ಅದು. ಮೊದಲ ಹಂತದ ಪರೀಕ್ಷೆಯ ಮುಖ್ಯ ಪ್ರಶ್ನೆ "ಇದು ಅಪಾಯಕಾರಿಯೇ?" ಎಂಬುದು. ಅಪಾಯಕಾರಿಯಲ್ಲ ಎಂಬ ಉತ್ತರ ಬಂತು. "ಇದರಿಂದ ಜೀವ ಉಳಿಯುತ್ತದೆಯೇ?" ಎಂಬ ಪ್ರಶ್ನೆಗೆ ಉತ್ತರಿಸಲು ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಬೇಕು. 20 ಮಂದಿಯ ಈ ಪರೀಕ್ಷೆಯಲ್ಲಿ ಅಂಥ ಹೋಲಿಕೆಯ ಗುಂಪು ಇರಲಿಲ್ಲ.

ಇನ್ನೊಂದು ಮಿತಿ ಪ್ಲಾಸ್ಮಾದ ಸ್ವಭಾವದಲ್ಲಿಯೇ ಇದೆ. ಅದು ಮೇಲ್ಮೈಯಲ್ಲಿ ಕೆಲಸ ಮಾಡುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಅದರ ನೇರ ಪ್ರಭಾವವನ್ನು ಮಿಲಿಮೀಟರ್‌ಗಳಲ್ಲಿ ಅಳೆಯಬೇಕು. ಯಕೃತ್ತಿನ ನಡುವಿನ ಗಡ್ಡೆಗೆ, ರಕ್ತದ ಕ್ಯಾನ್ಸರಿಗೆ, ಮೂಳೆಗೆ ಹರಡಿದ ರೋಗಕ್ಕೆ ಚರ್ಮದ ಮೇಲಿನಿಂದ ಪೆನ್ನು ಹಿಡಿದರೆ ಏನೂ ಆಗದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಪ್ಲಾಸ್ಮಾ ಹಾಯಿಸಿದ ದ್ರವವನ್ನೇ ಔಷಧದಂತೆ ಬಳಸಬಹುದೇ ಎಂದು ಹುಡುಕುತ್ತಿದ್ದಾರೆ. ಅದು ಇನ್ನೂ ಪ್ರಯೋಗಾಲಯದ ಮಾತು.

ಹೀಲಿಯಂ ಎಂದಾಗ ಒಂದು ಸಂಗತಿ ನೆನಪಾಗುತ್ತದೆ. 2017ರ ಜೂನ್‌ನಲ್ಲಿ ನೆರೆಯ ಅರಬ್ ರಾಷ್ಟ್ರಗಳು ಕತರ್‌ಗೆ ದಿಗ್ಬಂಧನ ವಿಧಿಸಿದಾಗ ಅಲ್ಲಿನ ಹೀಲಿಯಂ ಸ್ಥಾವರಗಳು ಕೆಲಕಾಲ ಬಾಗಿಲು ಮುಚ್ಚಿದವು. ಆಗ ಕತರ್ ಜಗತ್ತಿನ ಹೀಲಿಯಂ ಉತ್ಪಾದಕರಲ್ಲಿ ಅಮೆರಿಕದ ನಂತರದ ಸ್ಥಾನದಲ್ಲಿತ್ತು. ಎಂಆರ್‌ಐ ಯಂತ್ರಗಳನ್ನು ತಂಪಾಗಿಡುವುದೂ ಇದೇ ಹೀಲಿಯಂ. ಮುಸ್ಲಿಮ್ ಆಡಳಿತಗಾರರ ಪರಸ್ಪರ ಹಗೆತನದ ಬೆಲೆಯನ್ನು ಯಾವ ದೇಶದ ಯಾವ ಆಸ್ಪತ್ರೆಯ ರೋಗಿ ತೆರುತ್ತಾನೋ ಯಾರು ಬಲ್ಲರು?

ಇನ್ನು ನಾವು ಆರಂಭದಲ್ಲಿ ಹೇಳಿದ ನಾಚಿಕೆಯ ಮಾತಿಗೆ ಬರೋಣ. ನಮ್ಮ ಊರಿನವರೇ ಆದ ಸಹೋದರರೊಬ್ಬರು, ವಯಸ್ಸು ಐವತ್ತರ ಒಳಗೆ, ಲಾರಿ ಚಾಲಕರು. ನಿದ್ದೆ ತಡೆಯಲು ಜಗಿಯಲಾರಂಭಿಸಿದ ಗುಟ್ಕಾ ಇಪ್ಪತ್ತು ವರ್ಷ ಜೊತೆಗಿತ್ತು. ಕೆನ್ನೆಯ ಒಳಗೆ ಹುಣ್ಣಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದರು. ಬೇಗ ಆಪರೇಷನ್ ಆದರೆ ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ ಎಂದೂ ಹೇಳಿದರು. ಆದರೆ ಮುಖ ವಿಕಾರವಾಗುತ್ತದೆ ಎಂಬ ಭಯ. ಅವರ ಮಗ ಮೊಬೈಲ್‌ನಲ್ಲಿ ಕೋಲ್ಡ್ ಪ್ಲಾಸ್ಮಾದ ವೀಡಿಯೊ ನೋಡಿದ. ದೊಡ್ಡ ನಗರವೊಂದರಲ್ಲಿ ಆ ಚಿಕಿತ್ಸೆ ಇದೆ ಎಂದು ಮಧ್ಯವರ್ತಿಯೊಬ್ಬ ಹೇಳಿದ. ಹಣ ಬೇಕಾಯಿತು. ಶುಕ್ರವಾರದ ನಮಾಝಿನ ಬಳಿಕ ಮಸೀದಿಯ ಬಾಗಿಲಲ್ಲಿ ನಿಂತು ಹಣ ಸಂಗ್ರಹಿಸಿದವರು ನಾವು. ಒಂದು ಲಕ್ಷಕ್ಕಿಂತ ಸ್ವಲ್ಪ ಕಡಿಮೆ ಸೇರಿತು. ಈ ಚಿಕಿತ್ಸೆ ಏನು, ಕೊಡುವವರು ಯಾರು, ಪರವಾನಗಿ ಉಂಟೇ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮೂರು ತಿಂಗಳು ಅವರ ಹುಣ್ಣಿನ ಮೇಲೆ ಹಿಡಿದ ಯಂತ್ರ, ಚರ್ಮದ ಮೇಲಿನ ಕಲೆ ತೆಗೆಯಲು ಸೌಂದರ್ಯ ಚಿಕಿತ್ಸೆಯವರು ಬಳಸುವಂಥದ್ದು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ರೋಗ ದವಡೆಯ ಮೂಳೆಗೆ ಇಳಿದಿತ್ತು.

ಆ ಹಣ ಜನರು ಅಲ್ಲಾಹನ ಸಂಪ್ರೀತಿಗಾಗಿ ಕೊಟ್ಟದ್ದು. ಅದು ನಮ್ಮ ಕೈಯಲ್ಲಿ ಒಂದು ಅಮಾನತ್ ಆಗಿತ್ತು. ಮೋಸ ಮಾಡಿದವನನ್ನು ನಾವು ದೂರುತ್ತೇವೆ. ಆದರೆ ಮೂರು ತಿಂಗಳನ್ನು ಕಳೆದುಕೊಳ್ಳಲು ಹಣ ಒದಗಿಸಿದವರು ನಾವೇ ಅಲ್ಲವೇ?

ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕುರ್ತುಬಾ ಪರಿಸರದಲ್ಲಿದ್ದ ಅಬುಲ್ ಕಾಸಿಮ್ ಅಝ್ಝಹ್ರಾವಿ ಶಸ್ತ್ರವೈದ್ಯದ ಕುರಿತು ಬರೆದ ಗ್ರಂಥವು ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನಲ್ಲಿ ಶತಮಾನಗಳ ಕಾಲ ಓದಲ್ಪಟ್ಟಿತು. ಕಾಯಿಸಿದ ಕಬ್ಬಿಣದಿಂದ ಸುಟ್ಟು ಚಿಕಿತ್ಸೆ ಮಾಡುವುದನ್ನು ಅದರಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ. ಸುಡದ ಜ್ವಾಲೆಯನ್ನು ಕಂಡಿದ್ದರೆ ಅವರು ಏನೆನ್ನುತ್ತಿದ್ದರೋ! ಕ್ಯಾನ್ಸರಿನ ಬಗ್ಗೆ ಅವರ ಮಾತಿನ ಸಾರಾಂಶ ಇಷ್ಟು: ಗಡ್ಡೆ ಆರಂಭದಲ್ಲಿದ್ದು, ಬೇರುಸಹಿತ ತೆಗೆಯಬಹುದಾದ ಜಾಗದಲ್ಲಿದ್ದರೆ ಕತ್ತರಿಸಿ ತೆಗೆಯಬೇಕು, ಹಳೆಯದಾಗಿ ದೊಡ್ಡದಾಗಿದ್ದರೆ ಮುಟ್ಟಬಾರದು, ಅಂಥದ್ದನ್ನು ತಾನು ವಾಸಿಮಾಡಿದ್ದೂ ಇಲ್ಲ, ವಾಸಿಮಾಡಿದವರನ್ನು ಕಂಡದ್ದೂ ಇಲ್ಲ. ತನ್ನ ಕಾಲದ ಶ್ರೇಷ್ಠ ಶಸ್ತ್ರವೈದ್ಯ ತನ್ನ ಸೋಲನ್ನು ಹೀಗೆ ಬರೆದಿಟ್ಟ. ಇಂದು ವೀಡಿಯೊಗಳಲ್ಲಿ ಅರೇಬಿಕ್ ಹೆಸರಿಟ್ಟುಕೊಂಡು "ನೂರಕ್ಕೆ ನೂರು ಗ್ಯಾರಂಟಿ" ಎನ್ನುವವರು ಯಾರ ಪರಂಪರೆಯವರು? ಪ್ರತಿಯೊಂದು ರೋಗಕ್ಕೂ ಔಷಧವಿದೆ, ಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ, ನಿಜ. ಔಷಧವನ್ನು ಹುಡುಕಲಿಕ್ಕೆ ಅದು ಪ್ರೇರಣೆ. ಸಿಕ್ಕಿದ್ದನ್ನೆಲ್ಲ ಔಷಧವೆಂದು ನಂಬಲು ಅದು ಅನುಮತಿಯಲ್ಲ.

ಈ ಬಗೆಯ ಮೋಸಕ್ಕೆ ನಮ್ಮಂಥ ಪಟ್ಟಣಗಳು ಸುಲಭವಾಗಿ ತುತ್ತಾಗಲು ಕಾರಣವಿದೆ. ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಮಂದಿಗೆ ಹೊಸದಾಗಿ ಕ್ಯಾನ್ಸರ್ ಬಂದಿದೆ. ಗಂಡಸರಲ್ಲಿ ಮೊದಲ ಸ್ಥಾನ ಬಾಯಿ ಕ್ಯಾನ್ಸರಿನದು. ಗ್ರೈಫ್ಸ್‌ವಾಲ್ಡ್‌ನ ವೈದ್ಯರು ಪೆನ್ನು ಹಿಡಿದದ್ದು ಇಂಥ ರೋಗಿಗಳ ಮುಂದೆಯೇ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಗ ಏನಾಯಿತು? ಒಂದು ಪೊಟ್ಟಣ ಎರಡಾಯಿತು. ಪಾನ್ ಮಸಾಲ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ. ಬೆರೆಸುವ ಕೆಲಸವನ್ನು ಗಿರಾಕಿಗೇ ಬಿಟ್ಟು ಕಂಪೆನಿಗಳು ಕಾನೂನನ್ನು ಗೆದ್ದವು. ಸರಕಾರ ನೋಡುತ್ತಾ ನಿಂತಿತು. ನಮ್ಮ ಮೊಹಲ್ಲಾಗಳ ಅಂಗಡಿಗಳಲ್ಲಿ ಆ ಎರಡೂ ಪೊಟ್ಟಣಗಳು ಅಕ್ಕಪಕ್ಕದಲ್ಲಿ ತೂಗುತ್ತಿವೆ, ಅಂಗಡಿಯವರಲ್ಲಿ ನಮ್ಮವರೂ ಇದ್ದಾರೆ.

ನಿಜವಾದ ಪ್ರಯೋಗ ಚಿಕಿತ್ಸೆಯನ್ನು ಗುರುತಿಸುವುದು ಹೇಗೆ ಎಂದು ಕಳೆದ ವಾರ ಯುವಕನೊಬ್ಬ ಕೇಳಿದ. ಅದು ಕಷ್ಟವಲ್ಲ. ಭಾರತದಲ್ಲಿ ನಡೆಯುವ ಪ್ರತಿಯೊಂದು ಔಷಧ ಪರೀಕ್ಷೆಯೂ ಸರಕಾರದ ದಾಖಲೆಯಲ್ಲಿ ನೋಂದಣಿಯಾಗಬೇಕೆಂಬುದು 2009ರಿಂದ ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿರಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ಕೇಳಿರಿ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅಪಾಯವನ್ನೂ ತಿಳಿಸಿ, ಲಿಖಿತ ಸಮ್ಮತಿ ಪಡೆಯುತ್ತಾರೆಯೇ ನೋಡಿರಿ. ಪರೀಕ್ಷೆಯಲ್ಲಿರುವ ಚಿಕಿತ್ಸೆಗೆ ರೋಗಿಯಿಂದಲೇ ಲಕ್ಷಗಟ್ಟಲೆ ಕೇಳುವವನು ಸಂಶೋಧಕನಲ್ಲ, ವ್ಯಾಪಾರಿ. "ಈಗಿನ ಆಪರೇಷನ್, ರೇಡಿಯೇಷನ್ ಎಲ್ಲ ನಿಲ್ಲಿಸಿ ಬನ್ನಿ" ಎಂದರೆ ಅಲ್ಲಿಂದ ಎದ್ದು ಬನ್ನಿರಿ. ಅಂತೆಯೇ, ಆಸ್ಪತ್ರೆಯಲ್ಲಿ ಪ್ಲಾಸ್ಮಾ ಎಂಬ ಹೆಸರಿನ ಯಂತ್ರ ಕಂಡೊಡನೆ ಇದೇ ಅದು ಎಂದುಕೊಳ್ಳಬೇಡಿರಿ. ರಕ್ತಸ್ರಾವ ನಿಲ್ಲಿಸಲು ಬಿಸಿ ಆರ್ಗಾನ್ ಪ್ಲಾಸ್ಮಾವನ್ನು ವೈದ್ಯರು ದಶಕಗಳಿಂದ ಬಳಸುತ್ತಿದ್ದಾರೆ, ಅದು ಬೇರೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹೆಸರು ನಿಮಗೆಲ್ಲ ಗೊತ್ತು. ಅದು ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು. ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆ ಲಾರಿ ಚಾಲಕ ಸಹೋದರರ ಆಪರೇಷನ್‌ಗೆ ಕೊನೆಗೆ ಮನೆಯವರ ಕೈಯಿಂದ ಖರ್ಚಾದದ್ದು ಬಸ್ಸು, ಊಟ, ಲಾಡ್ಜಿನ ಹಣ ಮಾತ್ರ. ಸಂಗ್ರಹಿಸಿದ ಹಣ ಬೇಕಾಗಿದ್ದದ್ದು ಅಷ್ಟಕ್ಕೇ, ಹಾಗೂ ದುಡಿಮೆ ನಿಂತ ಆ ಆರು ತಿಂಗಳ ಮನೆ ಬಾಡಿಗೆಗೆ.

ಅವರನ್ನು ಈಚೆಗೆ ಭೇಟಿಯಾಗಿದ್ದೆವು. ದವಡೆಯ ಒಂದು ಭಾಗ ತೆಗೆದಿದ್ದಾರೆ, ರೇಡಿಯೇಷನ್ ಮುಗಿದಿದೆ. ಗಂಜಿ ಕುಡಿಯುತ್ತಾರೆ, ಮಾತು ಅಸ್ಪಷ್ಟ, ಪತ್ನಿ ಅರ್ಥ ಮಾಡಿಕೊಂಡು ನಮಗೆ ತಿಳಿಸುತ್ತಿದ್ದರು. ಅವರು ಕೇಳಿದ್ದು, ಆ ನಿಜವಾದ ಯಂತ್ರ ನಮ್ಮ ಕಡೆಗೂ ಬರುತ್ತದೆಯೇ ಎಂದು. ಮುಂದಿನ ಹಂತದ ಪರೀಕ್ಷೆಗಳು ನಡೆಯಬೇಕು, ಬಂದರೂ ಆಪರೇಷನ್‌ನ ಜೊತೆಗೇ ಬಂದೀತು, ಅದರ ಬದಲಿಗಲ್ಲ ಎಂದು ಹೇಳಿದೆವು. ಅವರು ತಲೆಯಾಡಿಸಿದರು. ಇದನ್ನು ಮೊದಲೇ ಹೇಳಿದ್ದರೆ, ಎಂದು ಅವರ ಮಗ ಅಂದ.